ಕೆಂಪು ಗೆರೆ ಎಳೆಯುವ ಮುನ್ನ

ಒಂದನೇ ತರಗತಿಯಲ್ಲಿರುವ ನನ್ನ ತಮ್ಮ ಕಳೆದ ತಿಂಗಳು ಡಿಕ್ಟೇಷನ್‌ನಲ್ಲಿ ‘ಕ್ಯಾಟ್’ ಪದವನ್ನು ಕೆ, ಎ, ಟಿ ಎಂದು ಬರೆದಿದ್ದ. ಪುಸ್ತಕದಲ್ಲಿ ಕೆಂಪು ಗೆರೆ ಬಿದ್ದಿತ್ತು. ಸರಿಯಾದ ಸ್ಪೆಲ್ಲಿಂಗನ್ನು ಹತ್ತು ಸಲ ಬರೆದು ತರಬೇಕಿತ್ತು. ನಾನೂ ಗದರಿಸಿದೆ. ಆಮೇಲೆ ಯೋಚಿಸಿದಾಗ ನಾಚಿಕೆಯಾಯಿತು. ಅವನ ಕಿವಿ ತಪ್ಪಾಗಿ ಕೇಳಿರಲಿಲ್ಲ. ಆ ಪದದ ಮೊದಲಿಗೆ ಕೇಳಿಸುವುದು ‘ಕ್’ ಧ್ವನಿಯೇ. ‘ಸಿ’ ಅಕ್ಷರವೂ ಅದೇ ಧ್ವನಿ ಕೊಡುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಚಿಕ್ಕ ಮಕ್ಕಳಿಗೆ ನಾವು ಇಂಗ್ಲಿಷ್ ಕಲಿಸುವ ಕ್ರಮ ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಅಕ್ಷರದ ಹೆಸರೂ ಧ್ವನಿಯೂ ಒಂದೇ. ಇಂಗ್ಲಿಷ್‌ನಲ್ಲಿ ಹಾಗಿಲ್ಲ. ‘ಎಚ್’ ಎಂಬ ಹೆಸರಿನಲ್ಲಿ ‘ಹ’ ಎಲ್ಲಿದೆ? ಸಾಲದ್ದಕ್ಕೆ 26 ಅಕ್ಷರಗಳೇ ಸುಮಾರು 44 ಧ್ವನಿಗಳ ಭಾರ ಹೊರಬೇಕು. ಹೆಸರುಗಳನ್ನು ಮಾತ್ರ ಬಾಯಿಪಾಠ ಮಾಡಿದ ಮಗು ‘ಸಿ ಎ ಟಿ ಕ್ಯಾಟ್’ ಎಂದು ಹಾಡಿನಂತೆ ಒಪ್ಪಿಸುತ್ತದೆ. ಕೊನೆಯ ಅಕ್ಷರ ಬದಲಿಸಿ ‘ಕ್ಯಾಪ್’ ಎಂದು ಬರೆದರೆ ಓದಲಾಗದೆ ನಿಲ್ಲುತ್ತದೆ.

ಅಕ್ಷರಗಳ ಧ್ವನಿಯಿಂದ ಓದು, ಬರಹ ಕಲಿಸುವುದೇ ಫೋನಿಕ್ಸ್. ಇಂಗ್ಲೆಂಡಿನ ಶಾಲೆಗಳಲ್ಲಿ 2012ರಿಂದ ಒಂದನೇ ವರ್ಷದ ಮಕ್ಕಳಿಗೆ ಇದರ ಪರೀಕ್ಷೆಯೇ ಇದೆ. ಓದಬೇಕಾದ 40 ಪದಗಳಲ್ಲಿ 20 ಪದಗಳು ಅರ್ಥವೇ ಇಲ್ಲದವು. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ.

ನಮಗೂ ಇದು ಹೊಸತಲ್ಲ. ‘ಕ್’ ಮತ್ತು ‘ಆ’ ಸೇರಿದರೆ ‘ಕಾ’ ಎನ್ನುವ ಕಾಗುಣಿತವೂ ಧ್ವನಿ ಜೋಡಿಸುವ ಪಾಠವೇ. ನಾನು ತಮ್ಮನಿಗೆ ಎಬಿಸಿಡಿ ಕ್ರಮ ಬಿಟ್ಟು ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳನ್ನು ರಟ್ಟಿನ ಚೂರುಗಳ ಮೇಲೆ ಬರೆದುಕೊಟ್ಟೆ. ಹೆಸರು ಹೇಳಲಿಲ್ಲ, ಧ್ವನಿ ಮಾತ್ರ ಹೇಳಿಸಿದೆ. ‘ಸ’, ‘ಟ’ ಎನ್ನದೆ ‘ಸ್’, ‘ಟ್’ ಎನ್ನಬೇಕು. ಇಲ್ಲದಿದ್ದರೆ ಪದ ಕೂಡುವುದಿಲ್ಲ. ಆ ಆರರಿಂದಲೇ ಪಿನ್, ಟಿನ್, ಟ್ಯಾಪ್, ಪ್ಯಾನ್, ಸಿಟ್ ಎಲ್ಲ ಹುಟ್ಟುತ್ತವೆ. ಮೊನ್ನೆ ಅವನೇ ‘ನ್ಯಾಪ್’ ಎಂದು ಜೋಡಿಸಿ ಓದಿ, “ಹಾಗಂದ್ರೆ ಏನು?” ಎಂದು ಕೇಳಿದ. ಯಾರೂ ಕಲಿಸದ ಪದವನ್ನು ಅವನು ಓದಿದ್ದ!

ಇಂಗ್ಲಿಷ್‌ನಲ್ಲಿ ಎಲ್ಲವೂ ಧ್ವನಿಯಂತೆ ನಡೆಯುವುದಿಲ್ಲ, ನಿಜ. ‘ನೈಫ್’ ಪದದ ಮೊದಲ ‘ಕೆ’ ಅಕ್ಷರವನ್ನು ಹಿಂದೆ ಉಚ್ಚರಿಸುತ್ತಿದ್ದರು. ಬಾಯಿ ಅದನ್ನು ಬಿಟ್ಟಿತು, ಬರಹ ಬಿಡಲಿಲ್ಲ. ಇಂಥ ಪದಗಳನ್ನು ನೋಡಿಯೇ ನೆನಪಿಡಬೇಕು. ಆದರೆ ಮೊದಲು ನಿಯಮ, ಆಮೇಲೆ ಅಪವಾದ.

ನನ್ನ ಉಮ್ಮನಂತೆ ಇಂಗ್ಲಿಷ್ ಓದಲು ಬಾರದ ತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. ಎಲ್ಲ ಮನೆಗಳಲ್ಲೂ ಟ್ಯೂಷನ್ನಿಗೆ ಹಣವಿರುವುದಿಲ್ಲ. ಅಲ್ಲಿ ಪಿಯುಸಿ ಓದುವ ನಾವೇ ಮೊದಲ ಶಿಕ್ಷಕರು. ಸಂಜೆ ಮೊಬೈಲ್ ಬದಿಗಿಟ್ಟು 15 ನಿಮಿಷ ತಮ್ಮ ತಂಗಿಯರ ಜೊತೆ ಕೂರೋಣ. ತಪ್ಪು ಬರೆದಾಗ ಹತ್ತು ಸಲ ಬರೆಸುವ ಬದಲು, “ನಿನಗೆ ಹೇಗೆ ಕೇಳಿಸಿತು?” ಎಂದು ಒಂದು ಸಲ ಕೇಳೋಣ.