ಅಂಟಿದ ಬುಷಿಗೆ ಬೆಂಕಿ ಯಾಕೆ?

ಗುಡ್ಡಗಾಡಿನ ರಸ್ತೆಗಳಲ್ಲಿ ಹಳೆಯ ಜೀಪನ್ನೇ ನಂಬಿದ ಮನೆಗಳು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಇನ್ನೂ ಇವೆ. ಅಡಿಕೆ ಮೂಟೆಯಿಂದ ಹಿಡಿದು ಆಸ್ಪತ್ರೆಗೆ ಹೊರಟ ರೋಗಿಯವರೆಗೆ ಎಲ್ಲವನ್ನೂ ಹೊರುವ ಆ ಗಾಡಿಯ ಇಂಜಿನಿನ ಮೇಲೆ ನಮಗಿರುವ ಅಕ್ಕರೆ ಅದರ ಅಡಿಭಾಗದ ಮೇಲಿಲ್ಲ. ಸ್ಪ್ರಿಂಗ್ ಪ್ಲೇಟಿನ ತುದಿಯ ಕಣ್ಣಿನೊಳಗೆ ಕೂರುವ ಚಿಕ್ಕ ಬುಷು ಸವೆದು, ಗಾಡಿ ಕಟಕಟ ಎಂದು ಬೊಬ್ಬೆ ಹಾಕಿದಾಗಲೇ ನಮಗೆ ಎಚ್ಚರ. ಅಷ್ಟರಲ್ಲಿ ಅದು ತುಕ್ಕು ಹಿಡಿದು ಕಣ್ಣಿಗೇ ಅಂಟಿಕೊಂಡಿರುತ್ತದೆ.

ಮಹಾರಾಷ್ಟ್ರದ ಗಡಹಿಂಗ್ಲಜದಲ್ಲಿ ನಮ್ಮ ಬಂಧುಗಳೊಬ್ಬರಿದ್ದಾರೆ. ಮನೆಮಾತು ಕನ್ನಡ, ಪೇಟೆ ಮರಾಠಿ. ನಮ್ಮದೇ ಸ್ಥಿತಿ ಎನ್ನಿ. ಅವರ ಜೀಪಿನ ಹಿಂದಿನ ಎಡ ಪ್ಲೇಟಿನ ಬುಷು ಹೀಗೆ ಅಂಟಿದಾಗ ಅಲ್ಲಿಯ ಒಂದು ವರ್ಕ್‌ಶಾಪಿನವರು ಗ್ಯಾಸ್ ಹಚ್ಚಿ, ರಬ್ಬರನ್ನು ಸುಟ್ಟು, ಉಳಿದ ಕೊಳವೆಯನ್ನು ಸುತ್ತಿಗೆಯಿಂದ ಬಡಿದು ತೆಗೆದರು. ಕಾಲು ಗಂಟೆಯ ಕೆಲಸ, ಕೂಲಿಯೂ ಕಡಿಮೆ. ಎರಡು ತಿಂಗಳ ಬಳಿಕ ಆಜರಾ ರಸ್ತೆಯಲ್ಲಿ, ಗಾಡಿಯಲ್ಲಿ ಆರು ಮಂದಿ ಇರುವಾಗ, ಮುಖ್ಯ ಪ್ಲೇಟು ಅದೇ ಕಣ್ಣಿನ ಬಳಿ ತುಂಡಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅದು ಪುಣ್ಯ.

ಎರಡೂ ಬದಿಯ ಪ್ಲೇಟು ಕಟ್ಟುಗಳನ್ನು ಬಿಚ್ಚಿ ಕೊಲ್ಹಾಪುರದ ಉದ್ಯಮನಗರಕ್ಕೆ ಒಯ್ದಾಗ ನಾನೂ ಜತೆಗಿದ್ದೆ. ಫೌಂಡ್ರಿ, ಲೇಥುಗಳ ಊರು ಅದು. ಬಾಬುರಾವ್ ಪೇಂಟರ್ ಸಿನಿಮಾ ಕ್ಯಾಮೆರಾವನ್ನೇ ಸ್ವತಃ ತಯಾರಿಸಿ 1920ರಲ್ಲಿ 'ಸೈರಂಧ್ರಿ' ಚಿತ್ರವನ್ನು ಹೊರತಂದ ಊರೂ ಅದೇ. ಸಮೀಪದ ಇಚಲಕರಂಜಿಯ ಪವರ್‌ಲೂಮುಗಳಿಗೂ ಸವೆದ ಬುಷು ಬದಲಿಸುವ ಕೈಗಳು ಬೇಕೇ ಬೇಕು. ನಮಗೆ ಸಿಕ್ಕಿದ ಮಿಸ್ತ್ರಿ ಗಡಹಿಂಗ್ಲಜ ತಾಲೂಕಿನವನೇ. ತುಂಡನ್ನು ನೋಡಿದವನೇ ಕನ್ನಡದಲ್ಲಿ ಕೇಳಿದ: “ಕಾಕಾ, ಬೆಂಕಿ ಕೊಟ್ಟಾರೇನ್ರಿ? ಪಾಟಾದ ಪಾಣಿ ಇಳದೈತಿ ನೋಡ್ರಿ.”

ಪಾಟಾ ಎಂದರೆ ನಮ್ಮ ಪ್ಲೇಟು. ಪಾಣಿ ಎಂದರೆ ಉಕ್ಕಿನ ಹದ. ನಮ್ಮ ಆಚಾರಿಗಳು ಕತ್ತಿಗೆ ಹಾಕುವ ಹದವೇ. ಸ್ಪ್ರಿಂಗ್ ಉಕ್ಕನ್ನು ಕೆಂಪಗೆ ಕಾಯಿಸಿದರೆ ಆ ಹದ ಕೆಡುತ್ತದೆ. ನೋಡುವುದಕ್ಕೆ ಪ್ಲೇಟು ಹಾಗೆಯೇ ಇರುತ್ತದೆ, ಬಾಗಿ ಮತ್ತೆ ನೆಟ್ಟಗಾಗುವ ಶಕ್ತಿ ಇರುವುದಿಲ್ಲ. ಸುಟ್ಟ ರಬ್ಬರಿನ ಹೊಗೆ ಕುಡಿಯುವವನು ಗಾಡಿಯ ಕೆಳಗೆ ಮಲಗಿದ ಹುಡುಗ. ಅವನ ಲೆಕ್ಕ ಇಡುವವರಿಲ್ಲ.

ಬಲಬದಿಯ ಬುಷನ್ನು ಮಿಸ್ತ್ರಿ ತೆಗೆದ ರೀತಿ ಬೇರೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟ. ಬೆಳಿಗ್ಗೆ ಡ್ರಿಲ್ಲಿನಿಂದ ರಬ್ಬರನ್ನು ಕೊರೆದು ಒಳಗಿನ ಕೊಳವೆಯನ್ನು ಎಳೆದ. ಹೊರಗಿನ ಕೊಳವೆ ಕಣ್ಣಿಗೆ ಕಚ್ಚಿಕೊಂಡೇ ಇತ್ತು. ಗರಗಸದ ಬ್ಲೇಡನ್ನು ಕಣ್ಣಿನೊಳಗೆ ತೂರಿಸಿ, ಆ ಕೊಳವೆಯನ್ನಷ್ಟೇ ಉದ್ದಕ್ಕೆ ಸೀಳಿದ. ಕಣ್ಣಿಗೆ ಗೀರು ಬಿದ್ದರೆ ಮುಂದೆ ಅಲ್ಲಿಂದಲೇ ಬಿರುಕು. ಬಳಿಕ ಉದ್ದನೆಯ ಬೋಲ್ಟು, ಒಂದು ಕಡೆ ಕೊಳವೆಗಿಂತ ಅಗಲವಾದ ಪೈಪಿನ ತುಂಡು, ಇನ್ನೊಂದು ಕಡೆ ಕಣ್ಣಿನೊಳಗೆ ಹಿಡಿಸುವ ವಾಷರು. ನಟ್ಟು ಬಿಗಿಯುತ್ತ ಹೋದಂತೆ ಕೊಳವೆ ಜಾರಿ ಪೈಪಿನೊಳಕ್ಕೆ ಬಂತು. ಹೊಸ ಬುಷು ಒಳಹೋದದ್ದೂ ಇದೇ ಉಪಾಯದಿಂದ. ರಬ್ಬರಿಗೆ ಗ್ರೀಸು ಮುಟ್ಟಿಸಲಿಲ್ಲ, ಅದರಿಂದ ರಬ್ಬರು ಉಬ್ಬುತ್ತದಂತೆ.

ಪ್ಲೇಟುಗಳನ್ನು ಮರಳಿ ಜೀಪಿಗೆ ಹಾಕುವಾಗ ಮರೆಯಬಾರದೆಂದು ಅವನು ಒತ್ತಿ ಹೇಳಿದ್ದು ಒಂದೇ ಮಾತು. ಗಾಡಿ ಜಾಕಿನ ಮೇಲಿರುವಾಗ ಕಣ್ಣಿನ ಬೋಲ್ಟನ್ನು ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕೆ ಊರಿ, ಗಾಡಿಯ ಭಾರ ಪ್ಲೇಟಿನ ಮೇಲೆ ಕುಳಿತ ನಂತರವೇ ಕೊನೆಯ ಬಿಗಿತ. ಈ ಬುಷು ತಿರುಗುವುದಿಲ್ಲ, ಅದರ ರಬ್ಬರು ಹೊಸೆದುಕೊಳ್ಳುತ್ತದೆ ಅಷ್ಟೆ. ಪ್ಲೇಟು ಜೋತಾಡುತ್ತಿರುವಾಗಲೇ ಬಿಗಿದರೆ ನಿಂತಲ್ಲಿಯೂ ರಬ್ಬರು ಹೊಸೆದೇ ಇರುತ್ತದೆ, ಬೇಗನೆ ಹರಿಯುತ್ತದೆ. ಆಗ ನಾವು ಬೈಯುವುದು ಬಿಡಿಭಾಗದ ಅಂಗಡಿಯವನನ್ನು!

ಸ್ವಾತಂತ್ರ್ಯದ ಹೊಸತರಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ಜೋಡಿಸತೊಡಗಿದ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಎಳೆಯಿರುವ ಲೋಹದ ಬುಷುಗಳೂ ಉಂಟು. ಅವನ್ನು ತಿರುಗಿಸಿ ತೆಗೆಯಬೇಕು. ಕೆಲವಕ್ಕೆ ಎಡಮುರಿ ಎಳೆ. ಗೊತ್ತಿಲ್ಲದವನ ಸುತ್ತಿಗೆಗೆ ಅವು ಸಿಕ್ಕಿದರೆ ಕತೆ ಮುಗಿಯಿತು.

ತಪ್ಪು ಬರೇ ಮೆಕ್ಯಾನಿಕನದೆಂದು ನಾನು ಹೇಳಲಾರೆ. ಬೆಂಕಿ ಕೊಡಲು ಒಪ್ಪಿದವರು ನಮ್ಮ ಬಂಧುಗಳೇ, ಅರ್ಧ ದಿನದ ಕೂಲಿ ಉಳಿಯುತ್ತದೆಂದು. ಖಾಸಗಿ ವಾಹನಕ್ಕೆ 15 ವರ್ಷ ತುಂಬಿ ನೋಂದಣಿ ನವೀಕರಿಸುವಾಗ ತಪಾಸಣೆಗೆಂದು ಹೊಸ ಪೈಂಟು ಬಳಿಯಲು ಹಣ ಬಿಚ್ಚುವ ನಾವು, ಗಾಡಿಯ ಕೆಳಗಿನ ಕೆಲಸಕ್ಕೆ ಚೌಕಾಸಿ ಮಾಡುತ್ತೇವೆ. ತಾಳ್ಮೆಯ ಕೆಲಸಕ್ಕೆ ಕೂಲಿ ಕೊಡದವರ ಊರಿನಲ್ಲಿ ತಾಳ್ಮೆ ಕಲಿತ ಹುಡುಗ ಯಾಕೆ ನಿಲ್ಲುತ್ತಾನೆ? ಈ ಕಸುಬಿನ ಪುಸ್ತಕ ಇಂಗ್ಲಿಷಿನಲ್ಲಿ, ವರ್ಕ್‌ಶಾಪಿನ ಮಾತು ಮಲಯಾಳದಲ್ಲಿ ಅಥವಾ ಮರಾಠಿಯಲ್ಲಿ. ಕನ್ನಡ ಶಾಲೆಯಿಂದ ಬಂದ ಹುಡುಗನಿಗೆ “ಭಾರ ಕುಳಿತ ಮೇಲೆ ಬಿಗಿ” ಎಂಬಷ್ಟನ್ನು ಅವನ ಭಾಷೆಯಲ್ಲಿ ಹೇಳಿಕೊಡುವ ಒಂದು ಕೈಪಿಡಿಯನ್ನಾದರೂ ನಮ್ಮ ಸಂಘಸಂಸ್ಥೆಗಳು ಅಚ್ಚು ಹಾಕಿಸಬಹುದಲ್ಲ? ಸನ್ಮಾನದ ಶಾಲಿಗಿಂತ ಹೆಚ್ಚು ಖರ್ಚಾಗದು.

ಬಂಧುಗಳ ಜೀಪಿನ ಮುಂದಿನ ಎರಡು ಪ್ಲೇಟುಗಳ ಬುಷು ಇನ್ನೂ ಬಾಕಿ ಇವೆ. ಈ ಸಲ ಅವರು ಅದೇ ಮಿಸ್ತ್ರಿಗೆ ಎರಡು ದಿನದ ಕೂಲಿ ಒಪ್ಪಿ, ಮುಂಗಡವನ್ನೂ ಕೊಟ್ಟು ಬಂದಿದ್ದಾರೆ.