ಓದಿ ಹೇಳಬೇಡಿ, ಪಕ್ಕ ಕೂತು ಓದಿಸಿ

ಅಮ್ಮನ ಫೋನಿಗೆ ಬ್ಯಾಂಕಿನಿಂದ ಒಂದು ಮೆಸೇಜು ಬರುತ್ತದೆ. ಅಮ್ಮ ಫೋನನ್ನು ನಮ್ಮ ಕಡೆ ಚಾಚುತ್ತಾರೆ. "ಕೊಡಿಲ್ಲಿ, ನಾನು ನೋಡ್ತೀನಿ" ಎಂದು ಇಸಿದುಕೊಂಡು, ಕಣ್ಣು ಹಾಯಿಸಿ, "ಏನಿಲ್ಲ, ದುಡ್ಡು ಬಂದಿದೆ" ಎಂದು ವಾಪಸ್ ಕೊಡುತ್ತೇವೆ. ಅಷ್ಟಕ್ಕೆ ಮುಗಿಯಿತು. ಎಷ್ಟು ಬಂತು, ಎಲ್ಲಿಂದ ಬಂತು, ಈಗ ಖಾತೆಯಲ್ಲಿ ಎಷ್ಟಿದೆ ಎಂಬುದು ಅವರಿಗೆ ತಿಳಿಯಲೇ ಇಲ್ಲ. ದುಡ್ಡು ಅವರದು, ಖಾತೆ ಅವರದು, ತಿಳಿವಳಿಕೆ ಮಾತ್ರ ನಮ್ಮದು. ಓದು ಬಲ್ಲ ಕನ್ನಡಿಗರೆಲ್ಲ ದಿನವೂ ಮಾಡುವ ಈ ಉಪಕಾರವನ್ನು ದಯವಿಟ್ಟು ನಿಲ್ಲಿಸಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 75.36. ಗಂಡಸರಲ್ಲಿ 82ರ ಮೇಲೆ, ಹೆಂಗಸರಲ್ಲಿ 68. ದಕ್ಷಿಣ ಕನ್ನಡದಲ್ಲಿ 88 ದಾಟಿದ್ದರೆ ಯಾದಗಿರಿಯಲ್ಲಿ 52ರ ಆಸುಪಾಸು. ಏಳು ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲರಾದರೆ ಸಾಕ್ಷರರು ಎನ್ನುತ್ತದೆ ಗಣತಿಯ ನಿಯಮ. ಅರ್ಥಮಾಡಿಕೊಂಡು ಎಂಬ ಮಾತು ಅದರಲ್ಲೇ ಇದೆ. ಆದರೆ ಗಣತಿಗೆ ಬಂದವರು ಸಾಮಾನ್ಯವಾಗಿ ಮನೆಯವರು ಹೇಳಿದ್ದನ್ನು ಬರೆದುಕೊಂಡು ಹೋಗುತ್ತಾರೆ. ಒಂದು ಕಾಗದ ಕೈಗೆ ಕೊಟ್ಟು ಓದಿಸಿ ನೋಡುವುದಿಲ್ಲ. ಹಾಗಾಗಿ ಸಹಿ ಹಾಕಲು ಕಲಿತವರನ್ನೂ ಮನೆಯವರು ಅಕ್ಷರಸ್ಥರ ಲೆಕ್ಕಕ್ಕೆ ಸೇರಿಸಿಬಿಡುವುದುಂಟು. ಸಹಿ ಕಲಿಯುವುದು ಸಣ್ಣದೇನಲ್ಲ. ಹೆಬ್ಬೆಟ್ಟು ಒತ್ತಿ ತಲೆತಗ್ಗಿಸಿದವರಿಗೆ ಅದರ ಬೆಲೆ ಗೊತ್ತು. ಆದರೆ ಓದಲಾಗದ ಕಾಗದದ ಕೆಳಗೆ ಹಾಕಿದ ಸಹಿ ಹೆಬ್ಬೆಟ್ಟಿಗಿಂತ ಅಪಾಯ. ಹೆಬ್ಬೆಟ್ಟು ಒತ್ತಿದವರನ್ನು ಕಂಡರೆ ಇವರಿಗೆ ಯಾರಾದರೂ ಓದಿ ಹೇಳಿದರೇ ಎಂದು ಕೇಳುವವರು ಒಬ್ಬರಾದರೂ ಇರುತ್ತಾರೆ. ಸಹಿ ಹಾಕಿದವರನ್ನು ಯಾರೂ ಕೇಳುವುದಿಲ್ಲ.

ಒಂದು ಪಹಣಿಯನ್ನೇ ತೆಗೆದುಕೊಳ್ಳಿ. ಹಳ್ಳಿಯ ಬದುಕನ್ನು ಇಷ್ಟು ಆಳುವ ಕಾಗದ ಇನ್ನೊಂದಿಲ್ಲ. ಅದರ 9ನೇ ಕಲಂನಲ್ಲಿ ಜಮೀನಿನ ಒಡೆಯರ ಹೆಸರಿರುತ್ತದೆ. 11ನೆಯದರಲ್ಲಿ ಆ ಜಮೀನಿನ ಮೇಲಿರುವ ಸಾಲ, ಋಣ, ಬೇರೆಯವರ ಹಕ್ಕು. 12ರಲ್ಲಿ ಸಾಗುವಳಿ ಯಾರದು, ಬೆಳೆ ಯಾವುದು ಎಂಬ ವಿವರ. ಗಂಡ ತೀರಿಕೊಂಡು ವರ್ಷಗಳಾದರೂ 9ನೇ ಕಲಂನಲ್ಲಿ ಅವನ ಹೆಸರೇ ಉಳಿದ ಮನೆಗಳು ಪ್ರತಿ ಊರಲ್ಲೂ ಸಿಗುತ್ತವೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲ ಎಂಬುದು ಹೆಂಡತಿಗೆ ತಿಳಿಯುವುದು ಸಾಲಕ್ಕೋ ಬೆಳೆ ಪರಿಹಾರಕ್ಕೋ ಅರ್ಜಿ ಹಿಡಿದು ಹೋದಾಗ. ಕಾಗದ ಅಷ್ಟೂ ದಿನ ಮನೆಯ ಪೆಟ್ಟಿಗೆಯಲ್ಲೇ ಇತ್ತು, ಅದೂ ಕನ್ನಡದಲ್ಲೇ ಇತ್ತು. ಕಲಂ 9ರ ಮೇಲೆ ಅವರ ಬೆರಳಿಟ್ಟು ಇಲ್ಲಿ ಯಾರ ಹೆಸರಿದೆ ನೋಡಿ ಎನ್ನುವವರು ಒಬ್ಬರೂ ಇರಲಿಲ್ಲ.

ಅದೇ ಪಹಣಿಯಲ್ಲಿ ವಿಸ್ತೀರ್ಣದ ಜಾಗದಲ್ಲಿ 2.20.00 ಎಂದು ಬರೆದಿದ್ದರೆ ಪೇಟೆಯಲ್ಲಿ ಓದಿದ ಹುಡುಗ ಎರಡು ಎಕರೆ, ಮೇಲೆ ಹತ್ತರಲ್ಲಿ ಎರಡು ಭಾಗ ಎಂದುಕೊಳ್ಳುತ್ತಾನೆ. ಶಾಲೆಯ ಮುಖ ನೋಡದ ಅಜ್ಜ ಎರಡೂವರೆ ಎಕರೆ ಎಂದು ಥಟ್ಟನೆ ಹೇಳುತ್ತಾರೆ. ನಲವತ್ತು ಗುಂಟೆಗೆ ಒಂದು ಎಕರೆ, ಇಪ್ಪತ್ತು ಗುಂಟೆಗೆ ಅರ್ಧ. ಈ ಲೆಕ್ಕದಲ್ಲಿ ಅನಕ್ಷರಸ್ಥ ಯಾರು? ಕಲಿಸಲು ಕೂರುವ ಮೊದಲು ಇದು ನೆನಪಿರಲಿ. ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಸಮುದಾಯದ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದರು. ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಎಂದು ಅವರನ್ನು ಕೇಳಿ ತಿಳಿದುಕೊಂಡ ಅಧಿಕಾರಿಗಳಿದ್ದರು. 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ಪಡೆದರು. ಕಾಡನ್ನು ಓದಬಲ್ಲ ಅಂಥವರ ಮುಂದೆ ಬಳಪ ಹಿಡಿದು ಮಗುವಿಗೆ ಹೇಳಿದಂತೆ ಹೇಳಲು ಹೋಗಬೇಡಿ. ಗೊತ್ತಿಲ್ಲದಿರುವುದು ಲಿಪಿ ಮಾತ್ರ, ಲೋಕವಲ್ಲ.

ಈಗ ಸಾಲದ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮೋಸ ಹೋಗುವುದು ಇಲ್ಲೇ. ಹತ್ತು ಸಾವಿರ ಸಾಲ, ಶೇ. 12ರ ಬಡ್ಡಿ, ಹನ್ನೆರಡು ಕಂತು. ಸಮಬಡ್ಡಿಯ ಲೆಕ್ಕ ಹಾಕುವವರು ವರ್ಷಕ್ಕೆ 1,200 ರೂಪಾಯಿ ಬಡ್ಡಿ ಎನ್ನುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಆದರೆ ನೀವು ತಿಂಗಳು ತಿಂಗಳೂ ಅಸಲು ತೀರಿಸುತ್ತಾ ಬಂದಿದ್ದೀರಿ; ಆರು ತಿಂಗಳಾದ ಮೇಲೂ ಪೂರ್ತಿ ಹತ್ತು ಸಾವಿರಕ್ಕೆ ಬಡ್ಡಿ ಯಾಕೆ? ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕಿದರೆ ಅದೇ ಶೇ. 12ಕ್ಕೆ ಕಟ್ಟಬೇಕಾದದ್ದು 662 ರೂಪಾಯಿ. ಅಂದರೆ ಸಮಬಡ್ಡಿಯ 12 ನಿಜವಾಗಿ 21ಕ್ಕೂ ಮೇಲೆ. ಮೈಕ್ರೊಫೈನಾನ್ಸ್ ಸಾಲದ ಕರಾರು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಕೈಗೆ ಲೋನ್ ಕಾರ್ಡ್ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ ಸುದ್ದಿಗಳು ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೂ ತಂದಿತು. ನಿಯಮವಿದೆ, ಕಾನೂನಿದೆ. ಕಾರ್ಡಿನ ಮೇಲಿನ ಬಡ್ಡಿ ದರವನ್ನು ಓದಿ "ಇದು ಯಾವ ಲೆಕ್ಕದ್ದು?" ಎಂದು ಸಾಲ ಪಡೆದ ಹೆಂಗಸು ಕೇಳದ ಹೊರತು ಎರಡೂ ಅವಳ ಮನೆಯ ತನಕ ಬರುವುದಿಲ್ಲ.

ಫೋನಿನ ವಿಷಯದಲ್ಲಿ ಪದವಿ ಪಡೆದವರೂ ಹೊಸ ಕಲಿಕೆಯವರೇ. "ಡಿಜಿಟಲ್ ಅರೆಸ್ಟ್" ಎಂದು ವಿಡಿಯೊ ಕಾಲ್‌ನಲ್ಲಿ ಹೆದರಿಸಿದಾಗ ಜೀವಮಾನದ ಉಳಿತಾಯ ಕಳೆದುಕೊಂಡವರಲ್ಲಿ ನಿವೃತ್ತ ಅಧಿಕಾರಿಗಳು, ವೈದ್ಯರು, ಎಂಜಿನಿಯರುಗಳಿದ್ದಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಯುಪಿಐನಲ್ಲಿ ಪಿನ್ ಒತ್ತುವುದು ದುಡ್ಡು ಕೊಡುವುದಕ್ಕೆ. ಪಡೆಯುವುದಕ್ಕೆ ಪಿನ್ ಬೇಕಿಲ್ಲ. ದುಡ್ಡು ಹೋಯಿತೆಂದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಬೇಕು, ತಡಮಾಡಿದಷ್ಟೂ ಅದು ಕೈತಪ್ಪುತ್ತದೆ. ಇದನ್ನು ಮನೆಯ ಹಿರಿಯರಿಗೆ ಹೇಳುವ ಮುಂಚೆ ನಮಗೆ ಗೊತ್ತಿದೆಯೇ ನೋಡಿಕೊಳ್ಳೋಣ. ಹಾಗೆಯೇ ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಪೂರ್ತಿ ಓದದೆ ಹತ್ತು ಗುಂಪಿಗೆ ಕಳಿಸುವವರನ್ನು ಸಾಕ್ಷರರೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯಲ್ಲಿ, ಕೆಲಸಕ್ಕೆ ಬರುವವರಲ್ಲಿ, ಪಕ್ಕದ ಬೀದಿಯಲ್ಲಿ, ಓದಿ ಹೇಳಿಸಿಕೊಳ್ಳಲು ನಿಮ್ಮ ಬಳಿ ಬರುವ ಒಬ್ಬರನ್ನು ಆರಿಸಿಕೊಳ್ಳಿ. ಒಬ್ಬರು ಸಾಕು. ವಾರಕ್ಕೊಂದು ಗಂಟೆ ಕೊಡಿ. ವರ್ಣಮಾಲೆಯಿಂದಲೇ ಶುರುವಾಗಬೇಕೆಂದಿಲ್ಲ. ಅವರ ಹೆಸರು, ಊರಿನ ಹೆಸರು, ಬಸ್ಸಿನ ಫಲಕ, ರೇಷನ್ ಕಾರ್ಡು, ಅವರ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬಂದಾಗಿನ ಮೆಸೇಜು, ನುಂಗುತ್ತಿರುವ ಮಾತ್ರೆಯ ಪಟ್ಟಿಯ ಮೇಲಿನ ಅವಧಿ ಮುಗಿಯುವ ತಿಂಗಳು, ಇವೇ ಪಾಠ. ಫೋನು ಅವರ ಕೈಯಲ್ಲೇ ಇರಲಿ, ಬೆರಳು ಅವರದೇ ಓಡಲಿ. ನಿಮಗೆ ಎರಡು ಕ್ಷಣದ ಕೆಲಸ ಅವರಿಗೆ ಕಾಲು ಗಂಟೆ ಹಿಡಿಯುತ್ತದೆ. ಆ ಕಾಲು ಗಂಟೆ ಸುಮ್ಮನೆ ಪಕ್ಕ ಕೂರುವುದೇ ಕಷ್ಟ. ಅವರ ಪಿನ್ ನಿಮಗೆ ಗೊತ್ತಿದ್ದರೆ ಬದಲಾಯಿಸಲು ಹೇಳಿಕೊಡಿ, ಹೊಸದನ್ನು ಕೇಳಬೇಡಿ.

ನೀವು ಒಂಟಿಯಾಗಿ ಮಾಡಬೇಕಾಗಿಯೂ ಇಲ್ಲ. ಹದಿನೈದು ದಾಟಿದವರಿಗಾಗಿ ಕೇಂದ್ರ ಸರ್ಕಾರದ ಉಲ್ಲಾಸ್ ಕಾರ್ಯಕ್ರಮ 2022ರಿಂದ ನಡೆಯುತ್ತಿದೆ. ಕಲಿಸುವವರು ಸ್ವಯಂಸೇವಕರೇ, ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು. ಓದು ಬರಹ ಮತ್ತು ಲೆಕ್ಕದ ಜೊತೆಗೆ ಹಣಕಾಸು, ಡಿಜಿಟಲ್, ಕಾನೂನು ಮತ್ತು ಆರೋಗ್ಯದ ತಿಳಿವಳಿಕೆಯೂ ಅದರಲ್ಲಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಕೂಡ ಇದೆ. ಅಲ್ಲಿನ ಮೇಲ್ವಿಚಾರಕರನ್ನು ಕಂಡು ವಾರಕ್ಕೊಂದು ಸಂಜೆ ಒಂದು ಮೇಜು ಬಿಟ್ಟುಕೊಡಿ ಎಂದು ಕೇಳಿ. ನಿಮ್ಮೂರಿನ ಸ್ವಸಹಾಯ ಸಂಘದ ಸಭೆ ಯಾವ ದಿನ ಎಂದು ವಿಚಾರಿಸಿ, ಮುಂದಿನ ಸಭೆಯಲ್ಲಿ ಅರ್ಧ ಗಂಟೆ ಕೇಳಿಕೊಳ್ಳಿ. ಬರುವಾಗ ಎಲ್ಲರೂ ಲೋನ್ ಕಾರ್ಡು, ಪಾಸ್‌ಬುಕ್ಕು ತರಲು ಹೇಳಿ. ಕನ್ನಡಕ ಬೇಕಾದವರು ಅದನ್ನೂ ತರಲಿ. ಅಕ್ಷರ ಬಂದೂ ಕಣ್ಣು ಕಾಣದೆ ಓದು ಬಿಟ್ಟವರು ಆ ಗುಂಪಿನಲ್ಲಿ ಖಂಡಿತ ಇರುತ್ತಾರೆ.