ಹಳತಾದದ್ದು ಗಾಡಿಯಲ್ಲ, ಬೆಲ್ಟು!

ಬೆಳಗಿನ ಜಾವ ಹಾಸನದ ಬಿ.ಎಂ. ರಸ್ತೆಯಲ್ಲಿ ಬಸ್ಸಿಗೆ ಕಾದು ನಿಲ್ಲುವವರಿಗೆ ಈ ನೋಟ ಹೊಸದೇನಲ್ಲ. ಆಲೂಗೆಡ್ಡೆ ಮೂಟೆ, ಟೊಮೇಟೊ ಕ್ರೇಟು, ತೆಂಗಿನಕಾಯಿ, ಸಿಮೆಂಟು, ಯಾವುದೋ ಮದುವೆ ಮನೆಯ ಕುರ್ಚಿ, ಇಷ್ಟನ್ನೂ ಹೊತ್ತ ಹಳೇ ಡೀಸೆಲ್ ಪಿಕಪ್ಪುಗಳು ಕರೀ ಹೊಗೆ ಉಗುಳುತ್ತಾ ಬಸ್ಸಿಗಿಂತ ಮುಂಚೆ ಊರು ಸೇರುತ್ತವೆ. ಮೂಗು ಮುಚ್ಚಿಕೊಂಡು, 'ಈ ಡಬ್ಬಾಗಳನ್ನೆಲ್ಲಾ ಗುಜರಿಗೆ ಹಾಕಬಾರದಾ?' ಅಂತ ಬೈಯುವವರಿದ್ದಾರೆ. ಬೈದವರ ಕೈಚೀಲದಲ್ಲಿರುವ ತರಕಾರಿ ಬಂದದ್ದೂ ಅಂಥದೇ ಒಂದು ಡಬ್ಬಾದಲ್ಲಿ ಸ್ವಾಮಿ.

1988ರಲ್ಲಿ ಟಾಟಾ ಮೊಬೈಲ್ 206 ರಸ್ತೆಗೆ ಬಂತು. ಆಮೇಲೆ 207, ಮಹೀಂದ್ರದವರ ಪಿಕಪ್ಪುಗಳು. ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸವನ್ನು ನಮ್ಮ ಜಿಲ್ಲೆಯಲ್ಲಿ ಈಗ ಇವೇ ಮಾಡುತ್ತಿವೆ. ಹೊಸದು ಕೊಳ್ಳೋಣ ಅಂದರೆ ಲಕ್ಷಗಟ್ಟಲೆ ಬೇಕು. ಗಾಡಿ ಇಟ್ಟವನಿಗೆ ಅದು ಅನ್ನ ಹಾಕಲು ಶುರು ಮಾಡುವುದೇ ಸಾಲದ ಕಂತು ತೀರಿದ ಮೇಲೆ. ಅಷ್ಟರಲ್ಲಿ ಗಾಡಿಗೆ ವಯಸ್ಸಾಗಿರುತ್ತೆ. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಗಾಡಿಗಳ ಎಫ್.ಸಿ. ಶುಲ್ಕವನ್ನೂ ಏರಿಸಿದರು. 2023ರ ಏಪ್ರಿಲ್‌ನಿಂದ 15 ವರ್ಷ ತುಂಬಿದ ಸರ್ಕಾರಿ ಗಾಡಿಗಳು ಗುಜರಿಯ ದಾರಿ ಹಿಡಿದವು. ನಮ್ಮಲ್ಲಿ ಖಾಸಗಿಯವರ ಗಾಡಿ ಮಾತ್ರ ಎಫ್.ಸಿ. ಪಾಸಾದರೆ ಓಡಬಹುದು. ಅಂದಮೇಲೆ ವಯಸ್ಸೊಂದೇ ಅಪರಾಧ ಅಲ್ಲ. ಹಾಗಾದರೆ ಈ ಗಾಡಿಗಳು ದಾರಿಯಲ್ಲಿ ಕೈಕೊಡೋದು ಯಾಕೆ?

ಫ್ಯಾನ್ ಬೆಲ್ಟಿನಿಂದಲೇ ಶುರು ಮಾಡೋಣ. ಬೆಲ್ಟ್ ಹೋದರೆ ಏನಾಗುತ್ತೆ ಅಂತ ಯಾವ ಡ್ರೈವರನ್ನಾದರೂ ಕೇಳಿ. 'ಗಾಡಿ ಹೀಟಾಗುತ್ತೆ, ಬ್ಯಾಟರಿ ಚಾರ್ಜ್ ಆಗಲ್ಲ' ಅಂತಾನೆ. ನಿಜ. ಆದರೆ ಅರ್ಧ ನಿಜ. ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವಾಗ ತಾನಾಗಿಯೇ ಒಂದು ವ್ಯಾಕ್ಯೂಮ್ ಹುಟ್ಟುತ್ತೆ, ಬ್ರೇಕಿನ ಬೂಸ್ಟರು ಅದನ್ನು ಬಳಸಿಕೊಳ್ಳುತ್ತೆ. ಹಳೇ ಡೀಸೆಲ್ ಎಂಜಿನ್ನಿಗೆ ಗಾಳಿಯ ದಾರಿಯಲ್ಲಿ ಬಾಗಿಲೇ ಇಲ್ಲ, ಹಾಗಾಗಿ ಆ ವ್ಯಾಕ್ಯೂಮೂ ಇಲ್ಲ. ಅದಕ್ಕೇ ಬೇರೆ ಪಂಪ್ ಇಟ್ಟಿರುತ್ತಾರೆ. ಈ ಪಿಕಪ್ಪುಗಳಲ್ಲಿ ಅನೇಕಕ್ಕೆ ಆ ಪಂಪ್ ಇರೋದು ಡೈನಮೋದ ಬೆನ್ನಿಗೆ. ಡೈನಮೋ ತಿರುಗಿಸೋದು ಅದೇ ಬೆಲ್ಟು. ಬೆಲ್ಟು ಕಿತ್ತುಹೋದರೆ ನೀರಿನ ಪಂಪ್ ನಿಂತಿತು, ಚಾರ್ಜು ನಿಂತಿತು, ಬ್ರೇಕಿನ ಬಲವೂ ನಿಂತಿತು. ಬೂಸ್ಟರಿನಲ್ಲಿ ಉಳಿದದ್ದು ಒಂದೆರಡು ಸಲ ತುಳಿಯುವಷ್ಟು. ಆಮೇಲೆ ಪೆಡಲು ಕಲ್ಲು. ಬ್ರೇಕ್ ಪೂರ್ತಿ ಹೋಗಿರಲ್ಲ, ಆದರೆ ಮೈಭಾರವೆಲ್ಲಾ ಬಿಟ್ಟು ತುಳಿಯಬೇಕು. ಸಮತಟ್ಟು ರಸ್ತೆಯಲ್ಲಿ ಹೇಗೋ ನಿಲ್ಲಿಸಬಹುದು. ದೋಣಿಗಲ್ ದಾಟಿ, ಮಾರನಹಳ್ಳಿ ಕಳೆದು ಶಿರಾಡಿ ಘಾಟಿ ಇಳಿಯುವಾಗ, ಹಿಂದೆ ಟನ್ನುಗಟ್ಟಲೆ ಮಾಲು ನೂಕುತ್ತಿರುವಾಗ?

ಇದರ ಮೇಲೆ ಇನ್ನೊಂದು ಜಾಣತನ ಬೇರೆ. ಇಳಿಜಾರು ಬಂದ ಕೂಡಲೇ ನ್ಯೂಟ್ರಲ್ ಮಾಡಿ, ಕೆಲವರು ಎಂಜಿನ್ನನ್ನೇ ಆಫ್ ಮಾಡಿ ಗಾಡಿ ಬಿಡೋದು. ಡೀಸೆಲ್ ಉಳಿಯುತ್ತಂತೆ! ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪಂಪಿನ ಗವರ್ನರ್ ಡೀಸೆಲನ್ನು ತಾನೇ ನಿಲ್ಲಿಸುತ್ತೆ. ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಎಂಜಿನ್ ಗಾಡಿಯನ್ನು ಹಿಡಿದಿಡುತ್ತೆ. ನ್ಯೂಟ್ರಲ್‌ನಲ್ಲಿಟ್ಟರೇ ಎಂಜಿನ್ ಸಣ್ಣಗೆ ಓಡುತ್ತಾ ಡೀಸೆಲ್ ಕುಡಿಯೋದು. ಎಂಜಿನ್ ಆಫ್ ಮಾಡಿದವನು ನಾಲ್ಕು ಚಮಚ ಡೀಸೆಲಿಗೆ ವ್ಯಾಕ್ಯೂಮ್ ಮಾರಿಕೊಂಡ ಹಾಗೆ. ಅವನ ಎದುರಿಗೆ ಏರಿ ಬರುತ್ತಿರೋದು ಜನ ತುಂಬಿದ ಧರ್ಮಸ್ಥಳದ ಬಸ್ಸು.

ಬೆಲ್ಟು ನೋಡಲು ಇಂಜಿನಿಯರ್ ಆಗಬೇಕಿಲ್ಲ. ಎಂಜಿನ್ ನಿಂತಿರುವಾಗ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ. ಸುಮಾರು ಅರ್ಧ ಇಂಚು ಬಗ್ಗಿದರೆ ಸರಿ, ಜೋಲಾಡಿದರೆ ಬಿಗಿಮಾಡಿ. ಒಳಮೈಯಲ್ಲಿ ಬಿರುಕು ಕಂಡರೆ ಬದಲಾಯಿಸಿ. ಕೆಲವು ನೂರು ರೂಪಾಯಿಯ ಮಾತು. ಬೂಸ್ಟರ್ ನೋಡುವುದೂ ಸುಲಭ. ಎಂಜಿನ್ ಆಫ್ ಇರುವಾಗ ಬ್ರೇಕನ್ನು ನಾಲ್ಕೈದು ಸಲ ತುಳಿದು ಗಟ್ಟಿಮಾಡಿ, ಕಾಲು ಅಲ್ಲೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲು ಕೊಂಚ ಕೆಳಗಿಳಿಯಬೇಕು. ಇಳಿಯಲಿಲ್ಲವೋ, ಆ ಗಾಡಿ ಅವತ್ತು ಘಾಟಿಗೆ ಹೋಗಬಾರದು.

ಇನ್ನು ಪಂಪಿನ ಪುರಾಣ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ. ಮೇಸ್ತ್ರಿ ಬರ್ತಾನೆ, ಎರಡು ಸಲ ಸೆಲ್ಫ್ ಹೊಡೀತಾನೆ, 'ಪಂಪ್ ಹೋಗಿದೆ ಯಜಮಾನ್ರೇ, ಬಿಚ್ಚಬೇಕು' ಅಂತಾನೆ. ಪಂಪ್ ಬಿಚ್ಚಿದರೆ ಸಾವಿರಗಟ್ಟಲೆ ಬಿಲ್ಲು, ಎರಡು ದಿನದ ಬಾಡಿಗೆ ಖೋತಾ. ಎಲ್ಲ ಮೇಸ್ತ್ರಿಗಳೂ ಹೀಗೆ ಅಂತ ಹೇಳುತ್ತಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವರು ನಮ್ಮೂರಲ್ಲೇ ಇದ್ದಾರೆ. ಆದರೆ ಅವಸರದ ಮೇಸ್ತ್ರಿ, ಅದಕ್ಕಿಂತ ಅವಸರದ ಮಾಲೀಕ ಸೇರಿದರೆ ಮೊದಲು ಬಿಚ್ಚುವುದು ಪಂಪೇ.

ಬಿಚ್ಚುವುದಕ್ಕೆ ಮುಂಚೆ ನೋಡಬೇಕಾದ್ದು ಬೇಕಾದಷ್ಟಿದೆ. ಡೀಸೆಲಿಗಿಂತ ನೀರು ಭಾರ. ಅರ್ಧ ಖಾಲಿ ಟ್ಯಾಂಕಿನಲ್ಲಿ, ಅದರಲ್ಲೂ ಸಕಲೇಶಪುರದ ಕಡೆಯ ಮಳೆಗಾಲದಲ್ಲಿ, ಗಾಳಿಯ ತೇವ ನೀರಾಗಿ ತಳಕ್ಕಿಳಿದು ಫಿಲ್ಟರಿನ ಬುಡದಲ್ಲಿ ಕೂರುತ್ತೆ. ಕೆಳಗಿನ ಸ್ಕ್ರೂ ಸಡಿಲಿಸಿದರೆ ಬಂದುಬಿಡುತ್ತೆ. ಬಿಡದಿದ್ದರೆ ಆ ನೀರೇ ಒಳಗೆ ಹೋಗಿ ಪಂಪನ್ನು ನಿಜವಾಗಿಯೂ ಕೆಡಿಸುತ್ತೆ. ಪಂಪಿನೊಳಗಿನ ಪ್ಲಂಜರುಗಳಿಗೆ ಡೀಸೆಲೇ ಎಣ್ಣೆ ತಾನೆ? ಎರಡನೆಯದು ಗಾಳಿ. ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಸೀಳಿದ್ದರೆ ಎಷ್ಟೋ ಸಲ ಹೊರಗೆ ಒಂದು ಹನಿಯೂ ಸುರಿಯಲ್ಲ. ಅದು ಎಳೆಯುವ ಕಡೆಯ ಪೈಪು, ಡೀಸೆಲ್ ಬಿಡುವ ಬದಲು ಗಾಳಿ ಎಳೆದುಕೊಳ್ಳುತ್ತೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸತಾಯಿಸಿದರೆ ಮೊದಲ ಅನುಮಾನ ಇದರ ಮೇಲಿರಲಿ. ಪೈಪ್ ಬದಲಾಯಿಸಿ, ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲೋವರೆಗೂ ಕೈಪಂಪ್ ಒತ್ತಿದರೆ ಮುಗೀತು. ಬ್ಯಾಟರಿ ವೈರಿನ ತುದಿಗೆ ಕಿಲುಬು ಹಿಡಿದಿದೆಯೋ, ಹೀಟರ್ ಪ್ಲಗ್ ಇರುವ ಹಳೇ ಎಂಜಿನ್ ಆದರೆ ಅದು ಕಾಯುತ್ತಿದೆಯೋ ಅಂತ ನೋಡುವುದೂ ಐದು ನಿಮಿಷದ ಕೆಲಸ. ಇಷ್ಟೆಲ್ಲಾ ಆದ ಮೇಲೂ ಹೊರಡದಿದ್ದರೆ ಆಗ ಪಂಪಿನ ಮಾತು.

ಹೊಗೆಯೂ ಹೀಗೇ ಮಾತಾಡುತ್ತೆ. ಕರೀ ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೇ ಡೀಸೆಲ್ ಹೆಚ್ಚು: ಏರ್ ಫಿಲ್ಟರಿನಲ್ಲಿ ಧೂಳು, ನಾಜಲು ಸೋರುವುದು, ಹೊರಲಾರದ ಲೋಡು. ನೀಲಿ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ತಣ್ಣಗಿನ ಬೆಳಿಗ್ಗೆ ಒಂದಷ್ಟು ಹೊತ್ತು ಬಿಳಿ ಬಂದರೆ ಹೆದರಬೇಡಿ. ಎಂಜಿನ್ ಕಾದ ಮೇಲೂ ಬರುತ್ತಾ, ರೇಡಿಯೇಟರ್ ನೀರು ಕಮ್ಮಿ ಆಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ಆಯಿಲ್ ಕಪ್ಪಾಯಿತು ಅಂತ ಗಾಬರಿಯಾಗುವವರಿದ್ದಾರೆ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಬೇಗ ಕಪ್ಪಾಗೋದು ಸಹಜ. ಕಡ್ಡಿಯಲ್ಲಿ ಅಳತೆ ತಾನಾಗಿ ಏರಿದರೆ ಮಾತ್ರ ಗಾಬರಿಯಾಗಿ, ಡೀಸೆಲೋ ನೀರೋ ಒಳಗೆ ಸೇರುತ್ತಿದೆ ಅಂತ ಅರ್ಥ.

ನಮ್ಮವರಿಗೆ ಪಿಕಪ್ಪಿನಲ್ಲಿ 'ಪಿಕಪ್' ಸಾಲದು! 'ಸ್ವಲ್ಪ ಪಂಪ್ ಏರಿಸಣ್ಣಾ' ಅಂತ ಸ್ಕ್ರೂ ತಿರುಗಿಸಿಕೊಂಡು ಬರ್ತಾರೆ. ಎರಡು ತಿಂಗಳು ಗಾಡಿ ಚೆನ್ನಾಗಿ ಎಳೆಯುತ್ತೆ, ಹೆಚ್ಚಿಗೆ ಹೋದ ಡೀಸೆಲು ಬಸ್ ಸ್ಟಾಪಿನಲ್ಲಿ ನಿಂತವರ ಮುಖಕ್ಕೆ ಮಸಿಯಾಗುತ್ತೆ, ಕೊನೆಗೆ ಪಿಸ್ಟನ್ನು ಸುಡುತ್ತೆ. ಇದರ ಜೊತೆಗೆ 'ಹೀಟ್ ಆಗುತ್ತೆ' ಅಂತ ಥರ್ಮೋಸ್ಟಾಟನ್ನೇ ಕಿತ್ತೆಸೆಯೋದು. ಹೀಟಿಗೆ ಕಾರಣ ರೇಡಿಯೇಟರಿನಲ್ಲಿ ಬೋರ್‌ವೆಲ್ ಗಡಸು ನೀರು ಕಟ್ಟಿದ ಬಿಳಿ ಪದರ. ಶಿಕ್ಷೆ ಪಾಪದ ಥರ್ಮೋಸ್ಟಾಟಿಗೆ. ಅದು ಹೋದ ಮೇಲೆ ಎಂಜಿನ್ ಬೇಗ ಕಾಯಲ್ಲ, ಡೀಸೆಲ್ ಸರಿಯಾಗಿ ಉರಿಯಲ್ಲ, ಹೊಗೆ ಇನ್ನೂ ಜಾಸ್ತಿ. ಕೂಲೆಂಟ್ ಹಾಕಿದ್ದರೆ ಈ ಸರ್ಕಸ್ಸೇ ಬೇಕಿರಲಿಲ್ಲ.

8 ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷಕ್ಕೊಮ್ಮೆ ಎಫ್.ಸಿ. ಇದೆ, ಬಿ.ಎಸ್. 4ಕ್ಕಿಂತ ಹಳೆಯದಾದರೆ ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆಯೂ ಇದೆ. ಅಂಥ ಡೀಸೆಲ್ ಗಾಡಿಗೆ ಹಾರ್ಟ್‌ರಿಡ್ಜ್ ಅಳತೆಯಲ್ಲಿ 65ರ ಮಿತಿ. ಕಾಗದದಲ್ಲಿ ಎಲ್ಲಾ ಸರಿ. ಆದರೆ ಎಫ್.ಸಿ. ದಿನಕ್ಕೆ ಅಂತ ಒಳ್ಳೆಯ ಟೈರು ಬಾಡಿಗೆಗೆ ತಂದು ಹಾಕಿ, ಬಾಡಿಗೆ ಬಣ್ಣ ಬಳಿದು, ಸಂಜೆಗೆ ಟೈರು ವಾಪಸ್ ಕೊಡುವ ಪದ್ಧತಿ ಯಾರಿಗೆ ಗೊತ್ತಿಲ್ಲ ಹೇಳಿ? ಬಣ್ಣ ನೋಡಿ ಪಾಸು ಮಾಡುವ ಬದಲು ಬಾನೆಟ್ ಎತ್ತಿ ಬೆಲ್ಟ್ ಒತ್ತಿ ನೋಡುವ ಇನ್‌ಸ್ಪೆಕ್ಟರು ನಮಗೆ ಬೇಕು.

ಅಂಗಡಿಯವರೂ ಸುಮ್ಮನೆ ಕೂರುವ ಹಾಗಿಲ್ಲ. 'ಇನ್ನೂ ಹತ್ತು ಮೂಟೆ ಹಾಕಪ್ಪಾ, ಎರಡನೇ ಟ್ರಿಪ್ಪು ಯಾಕೆ' ಅಂತ ಏರಿಸುವವರು ಯಾರು? ಆರ್.ಸಿ.ಯಲ್ಲಿ ಬರೆದ ತೂಕ ಡ್ರೈವರಿಗೂ ಗೊತ್ತು, ನಿಮಗೂ ಗೊತ್ತು. ಒಲ್ಲೆ ಅಂದರೆ ನಾಳೆಯ ಬಾಡಿಗೆ ಬೇರೆಯವನಿಗೆ ಹೋಗುತ್ತೆ ಅಂತ ಅವನು ಬಾಯಿ ಮುಚ್ಚಿಕೊಂಡು ಹೊರಡುತ್ತಾನೆ. ಮುಂದಿನ ಸಲ ಮಂಗಳೂರಿನ ಲೋಡು ಕಳಿಸುವಾಗ ಬಾಡಿಗೆ ಚೌಕಾಸಿ ಮುಗಿದ ಮೇಲೆ ಒಂದು ಮಾತು ಕೇಳಿ: 'ಬೆಲ್ಟು ಯಾವಾಗ ಹಾಕಿಸಿದೆ?' ಉತ್ತರಕ್ಕೆ ತಡವರಿಸಿದರೆ ಮೂಟೆ ಏರಿಸುವ ಮುಂಚೆ ಬಾನೆಟ್ ಎತ್ತಿಸಿ.